ಸಕ್ಕರೆ ಬಾಯಿಗೆ ಬೀಳುವ ಮೊದಲು

ಹಿರೇವಡ್ಡಟ್ಟಿಯ ನನ್ನ ಚಿಗವ್ವನ ಬಾಯಿಗೆ ಮುಂಡರಗಿ ಬಸ್ಸಿನ ಕಂಡಕ್ಟರುಗಳೂ ಅಂಜುತ್ತಿದ್ದರು. ಒಮ್ಮೆ ನಾವು ಇಳಿಯಬೇಕಾದ ಜಾಗ ದಾಟಿ ಬಸ್ಸು ಬಹಳ ಮುಂದೆ ಹೋಗಿ ನಿಂತಿತು.

“ಏನ್ರೀ, ನಮ್ಮೂರು ಬಂದ್ರ ನಿಮ್ಮ ಗಾಡಿಗೆ ಬ್ರೇಕ್ ಹತ್ತೂದಿಲ್ಲೇನು?”

“ನಾಲ್ಕು ಹೆಜ್ಜಿ ನಡದ್ರ ಏನಾಕ್ಕೈತಿ, ಅಕ್ಕಾರ?”

“ಆ ನಾಲ್ಕು ಹೆಜ್ಜಿ ನೀವ ಹಿಂದ ಬರ್ರಿ.”

ಬಸ್ಸು ಹಿಂದಕ್ಕೆ ಬಂತು. ಅವಳ ಗಂಡ, ನಮ್ಮ ಕಾಕಾ, ಇಳಿಯುವಾಗ ಕಂಡಕ್ಟರನಿಗೆ ಕೈಮುಗಿದು, “ತಪ್ಪು ತಿಳ್ಕೋಬ್ಯಾಡ್ರಿ, ಸರ” ಎಂದರು. ಇವರಿಬ್ಬರ ಬಾಯಿ ಅದಲುಬದಲಾಗಿದೆ ಎಂದು ಓಣಿಯವರು ನಗುತ್ತಿದ್ದರು. ಗಂಡಸು ಹಾಗೆ ಮಾತಾಡಿದ್ದರೆ ಗಟ್ಟಿ ಆಳು ಅನ್ನುತ್ತಿದ್ದರು. ಚಿಗವ್ವ ಜಗಳಗಂಟಿಯಾಗಿದ್ದಳು.

ಅವರ ಒಬ್ಬಳೇ ಮಗಳು ಗದಗಿನಲ್ಲಿ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು. ಕೊನೆಯ ವರ್ಷ. ಅಷ್ಟರಲ್ಲಿ ಲಕ್ಷ್ಮೇಶ್ವರದಿಂದ ಸಂಬಂಧ ಬಂತು. ಹುಡುಗ ಒಳ್ಳೆಯವನು, ಅವಳಿಗೂ ಒಪ್ಪಿಗೆ. ಪರೀಕ್ಷೆ ಮುಗಿಯಲಿ, ಆಮೇಲೆ ಮದುವೆ ಎಂದು ಹೇಳಬೇಕೆಂದು ಮನೆಯಲ್ಲಿ ಮಾತಾಯಿತು. ಯಾರು ಹೇಳಬೇಕು ಎಂಬುದು ಮಾತ್ರ ಆಗಲಿಲ್ಲ.

ನಮ್ಮ ಕಡೆ ತಾರೀಖು ಗೊತ್ತಾದ ಮೇಲೆ ಹಿರಿಯರು ಒಬ್ಬರ ಬಾಯಿಗೊಬ್ಬರು ಸಕ್ಕರೆ ಹಾಕುತ್ತಾರೆ. ಸಕ್ಕರೆ ಬಾಯಿಗೆ ಬಿದ್ದಮೇಲೆ ಮಾತು ಹಿಂದೆಗೆಯುವಂತಿಲ್ಲ. ಗಂಡನ ಅಣ್ಣ ಕೂತ ಬೈಠಕ್ಕಿಗೆ ಸೊಸೆಯಂದಿರು ಬರುವಂತೆಯೂ ಇಲ್ಲ.

ಲಕ್ಷ್ಮೇಶ್ವರದವರು ಮಾತುಕತೆಗೆ ಬಂದ ದಿನ ಕಾಕಾನ ಅಣ್ಣ ತಾರೀಖು ಹೇಳಿದರು. “ಮುಂದಿನ ತಿಂಗಳ ಮುಹೂರ್ತ ಚಲೋ ಐತಿ. ಯಾರದರ ಏನರ ಮಾತೈತೇನು?”

ನಾನು ಅಡುಗೆಮನೆಯ ಬಾಗಿಲಲ್ಲಿದ್ದೆ; ಹಾಸ್ಟೆಲಿನಿಂದ ಬಂದಿದ್ದ ತಂಗಿ ಒಳಗೆ ಒಲೆಯ ಮುಂದಿದ್ದಳು. ಕಾಕಾ ಒಳಗಡೆ ನೋಡಿದರು. ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದ ಚಿಗವ್ವ ಕಾಕಾನನ್ನು ನೋಡಿದಳು. ಊರಿಗೆಲ್ಲ ಮಾತಾಡುವವಳು ಮಗಳಿಗಾಗಿ ಮಾತಾಡದೆ ಇರುವಳೇ ಎಂದು ಅವರು. ಒಡಹುಟ್ಟಿದ ಅಣ್ಣನ ಮುಂದೆ ಗಂಡಸು ಇಷ್ಟಾದರೂ ಹೇಳಲಾರನೇ ಎಂದು ಇವಳು. ಸಕ್ಕರೆಯ ತಟ್ಟೆ ಮುಂದೆ ಹೋಯಿತು.

ಬಂದವರು ಹೋದಮೇಲೆ ಕಾಕಾ ಅಂದರು, “ನೀ ಹೇಳ್ತಿ ಅಂದ್ಕೊಂಡಿದ್ದೆ.”

“ನಿಮ್ಮ ಅಣ್ಣಾರ ಮುಂದ ನಾ ಬಾಯಿ ತಗದಿದ್ರ ನಿಮ್ಮ ಮರ್ಯಾದಿ ಏನ ಉಳೀತಿತ್ತು?”

“ಮಂದಿ ಮುಂದ ನನ್ನ ಮರ್ಯಾದಿ ಯಾವಾಗ ನೋಡೀದಿ ನೀ?”

ಸಿಟ್ಟಿನಿಂದ ಕೇಳಿದ್ದಲ್ಲ. ಚಿಗವ್ವ ಸಕ್ಕರೆಯ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮದುವೆಯಾದ ಹುಡುಗಿ ಮತ್ತೆ ಹಾಸ್ಟೆಲಿಗೆ ಹೋಗಲಿಲ್ಲ. ಮಕ್ಕಳಾದವು, ಓದು ಅಲ್ಲಿಗೇ ನಿಂತಿತು.

ಈಚೆಗೆ ಲಕ್ಷ್ಮೇಶ್ವರಕ್ಕೆ ಹೋಗಿದ್ದೆ. ಅವಳ ಮಾವ ಸೊಸೆಯನ್ನು ಹೊಗಳಿದ್ದೇ ಹೊಗಳಿದ್ದು. “ಓಣ್ಯಾಗ ಯಾರಿಗೆ ಬಿ.ಪಿ. ನೋಡೂದಿದ್ರೂ ನಮ್ಮ ಸೊಸೀನ್ನ ಕರೀತಾರ. ಪರೀಕ್ಷಿ ಉಳದಿತ್ತಂತ ನಮಗ ಆಮ್ಯಾಲ ಗೊತ್ತಾತು ನೋಡ್ರಿ. ಅವತ್ತ ಒಂದ ಮಾತು ಹೇಳಿದ್ರ ತಡೀತಿದ್ವಿ. ನಮಗೇನು ಅವಸರಿತ್ತು?”

ಚಹಾ ಕೊಡುತ್ತಿದ್ದ ತಂಗಿ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ನನ್ನನ್ನು ಕಳಿಸಲು ಹೊರಬಾಗಿಲವರೆಗೆ ಬಂದವಳು ಸಣ್ಣ ದನಿಯಲ್ಲಿ ಹೇಳಿದಳು, “ಅವತ್ತ ಒಳಗ ನಾನೂ ಇದ್ನಲ್ಲ. ನನಗರ ಬಾಯಿ ಇರಲಿಲ್ಲೇನು?”

ಚಪ್ಪಲಿ ಮೆಟ್ಟುತ್ತಿದ್ದ ನನ್ನ ತೋಳು ಹಿಡಿದು ಮತ್ತೆ ಅಂದಳು, “ನಮ್ಮ ಮಾವಾರು ಅಂದದ್ದು ಅವ್ವಗ ಹೇಳಬ್ಯಾಡ. ಆಕಿ ತಡ್ಕೊಳ್ಳೂದಿಲ್ಲ.”

ಹಿರೇವಡ್ಡಟ್ಟಿಗೆ ಹೋದಾಗ ಚಿಗವ್ವ ಕೇಳಿದಳು, “ಬೀಗರು ಏನಂದ್ರು?”

“ನಿನ್ನ ಮಗಳನ್ನ ಭಾಳ ಹೊಗಳಿದ್ರು,” ಎಂದೆ.