ಕೂತವಳ ಬುರ್ಖಾ

ಅಂಗಡಿಯ ಗೊಂಬೆಗಳು ಎಂದೂ ಕೂರುವುದಿಲ್ಲ, ಗಮನಿಸಿದ್ದೀರಾ? ಲಷ್ಕರ್ ಮೊಹಲ್ಲಾದ ಬುರ್ಖಾ ಅಂಗಡಿಗಳ ಮುಂದೆ ಧೂಳು, ಆಟೋ ಹೊಗೆ, ಬಟ್ಟೆ ಹಿಸುಕಿ ನೋಡಿ ಮುಂದೆ ಹೋಗುವವರ ಬೆರಳು ಎಲ್ಲವನ್ನೂ ಸಹಿಸಿಕೊಂಡು ಅವು ದಿನವಿಡೀ ನಿಂತೇ ಇರುತ್ತವೆ. ಈ ತಪಸ್ಸು ನನ್ನ ಕಣ್ಣಿಗೆ ಬಿದ್ದದ್ದು ನಾನು ನಿಲ್ಲುವುದನ್ನು ಬಿಟ್ಟ ಮೇಲೆ. ನಡೆದಾಡುತ್ತಿದ್ದ ಕಾಲದಲ್ಲಿ ಅವನ್ನು ನೋಡಿದ್ದೆನೋ ಇಲ್ಲವೋ ಹೇಳಲಾರೆ. ಆ ಕಾಲದ ನೆನಪುಗಳೂ ಈಗ ಗಾಲಿಕುರ್ಚಿಯ ಎತ್ತರದಿಂದಲೇ ಕಾಣುತ್ತವೆ. ಅಂದರೆ ಎಲ್ಲೋ ಮೋಸವಿದೆ.

ನಿಂತವರ ಅಳತೆಗೆ ಕತ್ತರಿಸಿದ ಬುರ್ಖಾ ಕೂತವಳ ಮೇಲೆ ಸೇಡು ತೀರಿಸಿಕೊಳ್ಳುತ್ತದೆ. ಮುಂದೆ ಮಂಡಿಯ ಮೇಲೇರಿ ಕಣಕಾಲನ್ನು ಊರಿಗೆಲ್ಲ ತೋರಿಸುತ್ತದೆ, ಪಕ್ಕದಲ್ಲಿ ಗಾಲಿಗೆ ಸಿಕ್ಕಿ ಕತ್ತನ್ನು ಹಿಂದಕ್ಕೆಳೆಯುತ್ತದೆ, ಅಡಿಯಲ್ಲಿ ಮುದ್ದೆಗಟ್ಟಿ, ನೋವೇ ತಿಳಿಯದ ಚರ್ಮದಲ್ಲಿ ಸದ್ದಿಲ್ಲದೆ ಹುಣ್ಣು ಮಾಡುತ್ತದೆ. ಅಂಗಡಿಯವರನ್ನು ಕೇಳಿದರೆ, “ದೊಡ್ಡ ಸೈಜ್ ತಗೊಳ್ಳಿ ಅಮ್ಮ, ಎಲ್ಲಾ ಮುಚ್ಕೊಳತ್ತೆ,” ಎಂದು ಇಡೀ ಮೊಹಲ್ಲಾ ಹಿಡಿಸುವಂಥದ್ದೊಂದನ್ನು ಬಿಡಿಸಿ ಹಾಸಿದರು. ಕೂತವರಿಗೆಂದೇ ಹೊಲಿದವು ಹೊರದೇಶದಲ್ಲಿ ಸಿಗುತ್ತವೆಂದು ಫೋನು ತೋರಿಸಿತು. ಬೆಲೆ ನೋಡಿದೆ, ಖಾಸಗಿ ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳಿಗೆ ಮರ್ಯಾದೆ ಅಷ್ಟು ದುಬಾರಿಯಾಗಬಾರದು ಎಂದುಕೊಂಡು ಫೋನನ್ನು ಮುಖ ಕೆಳಗಾಗಿ ಇಟ್ಟೆ.

ಆದರೆ ಈ ಸಲ ಬುರ್ಖಾ ಬೇಕೇಬೇಕಿತ್ತು. ಅಣ್ಣನ ಮಗಳು ಸನಾಳಿಗೆ ಮದುವೆ ಗೊತ್ತಾಗಿತ್ತು. ತಾಯಿ ಇಲ್ಲದ ಹುಡುಗಿ. ಅತ್ತೆಯಾದ ನನ್ನನ್ನು ಫುಪ್ಪು ಎಂದು ಕರೆಯುವವಳು. ಅ ಆ ಇ ಈ ಕಲಿತದ್ದೂ ನನ್ನ ಬಳಿಯೇ, ಮುನಿಸು ಕಲಿತದ್ದೂ ನನ್ನ ಬಳಿಯೇ. “ನಿಕಾಹ್‌ಗೆ ಒಪ್ಪಿಗೆ ಕೇಳೋಕೆ ಬರ್ತಾರಲ್ಲ ಫುಪ್ಪು, ಆಗ ನನ್ನ ಕೈ ನೀವೇ ಹಿಡ್ಕೊಂಡಿರ್ಬೇಕು,” ಎಂದಿದ್ದಳು. (ಮನೆಯಲ್ಲಿ ನಮ್ಮದು ಉರ್ದು, ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ. ಮಾಡುವಾಗ ಅವಳ ದನಿಯ ನಡುಕ ಎಲ್ಲೋ ಬಿದ್ದುಹೋಯಿತು.)

ಬೋಗಾದಿಯಲ್ಲಿ ನಮ್ಮ ಬಾಡಿಗೆ ಮನೆಯ ಎದುರಿಗೇ ಮಾದೇವಮ್ಮನ ಹೊಲಿಗೆ ಮಿಷನ್ನು. ಬ್ಲೌಸು, ಯೂನಿಫಾರಮ್ಮು ಬಿಟ್ಟು ಬುರ್ಖಾ ಹೊಲಿದವಳಲ್ಲ. ನನ್ನನ್ನು ಕುರ್ಚಿಯಲ್ಲೇ ಕೂರಿಸಿ, ಟೇಪನ್ನು ಕತ್ತಿನಿಂದ ಮಂಡಿಯ ಗುಡ್ಡ ಹತ್ತಿಸಿ ಪಾದಕ್ಕಿಳಿಸಿ, ಬೆನ್ನಿನ ಕಡೆ ಸೊಂಟದಲ್ಲೇ ನಿಲ್ಲಿಸಿದಳು.

“ಅಲ್ಲಾ ಟೀಚರಮ್ಮ, ಕೂತ್ಕಳೋ ಜಾಗಕ್ಕೆ ಬಟ್ಟೆ ಯಾಕೆ? ಕುರ್ಚಿಗೇನ್ ನಾಚ್ಕೆನಾ? ಬುಟ್ಬುಡಾನ. ಕಾಸೂ ಉಳೀತದೆ.”

“ಬುಟ್ಬುಡು ಮಾದೇವಮ್ಮ. ಒಳಗಿನ ಕಮೀಜಿಗೂ ಅಂಗೇ ಮಾಡು,” ಎಂದು ಅವಳ ಮಾತಿನಲ್ಲೇ ಉತ್ತರ ಕೊಟ್ಟೆ. ಇಬ್ಬರೂ ನಕ್ಕೆವು. ನಿಜವಾಗಿ ಉಪಾಯ ಅವಳದೋ ನನ್ನದೋ ಈಗ ಖಚಿತವಿಲ್ಲ. ಕನ್ನಡಿಯ ಮುಂದೆ ಕುರ್ಚಿ ತಿರುಗಿಸಿಕೊಂಡು, ಅಂಚು ಸರಿಯಾಗಿ ಪಾದದ ಮೇಲೆ ಕೂತದ್ದನ್ನು ನೋಡಿ ಬೀಗಿದ ದಿನ ಅದು ನನ್ನದಾಗಿತ್ತು. ಮದುವೆಯ ಮರುದಿನದಿಂದ ಅವಳದು ಎನ್ನುತ್ತಿದ್ದೇನೆ.

ಮದುವೆಯ ಹಾಲ್ ಹಳೆಯದು, ಲಷ್ಕರ್ ಮೊಹಲ್ಲಾದ್ದೇ. ಅಲ್ಲಿಯ ರೂಢಿಯಂತೆ ಗಂಡಸರಿಗೆ ಕೆಳಗೆ, ಹೆಂಗಸರಿಗೆ ಮೇಲೆ. ನನ್ನ ಅಣ್ಣ ಅಲ್ತಾಫ್ ಮೊದಲೇ ಹೋಗಿ ಬಾಗಿಲ ಮೆಟ್ಟಿಲಿಗೆ ಹಲಗೆ ಹಾಕಿಸಿ ಬಂದಿದ್ದ. ಮಹಡಿಯ ಮೆಟ್ಟಿಲು ಅವನಿಗೆ ಹೊಳೆಯಲೇ ಇಲ್ಲ. ಹೆಂಗಸರ ಮಹಡಿಗೆ ಅವನು ಜನ್ಮದಲ್ಲಿ ಹತ್ತಿದವನಲ್ಲ. ಹತ್ತಿದ ಹೆಂಗಸರಿಗೂ ಹೊಳೆಯಲಿಲ್ಲ. ಹತ್ತುವವರಿಗೆ ಮೆಟ್ಟಿಲು ಕಾಣುವುದಿಲ್ಲ. ಎಷ್ಟೋ ಮದುವೆಗಳಲ್ಲಿ ನಾನೂ ಅದನ್ನೇ ಹತ್ತಿರಬೇಕು. ನೆನಪಿಲ್ಲ.

“ನಾವೆಲ್ಲ ಇದೀವಲ್ಲ, ಎತ್ಕೊಂಡು ಹೋಗ್ಬಿಡ್ತೀವಿ,” ಎಂದ ಅಣ್ಣ, ಅಡುಗೆಯವರನ್ನೂ ಕರೆದ. ಮೆಟ್ಟಿಲು ಇಕ್ಕಟ್ಟು, ತಿರುವಿನಲ್ಲಿ ಕುರ್ಚಿ ಹೊರಳುವುದಿಲ್ಲ. ನನ್ನನ್ನೇ ಕುರ್ಚಿಯಿಂದ ಎತ್ತಬೇಕು. ಆಗ ನನಗೆ ನನ್ನ ಬೆನ್ನು ನೆನಪಾಯಿತು. ಸೊಂಟದ ಕೆಳಗೆ, ಹಿಂದೆ, ತೆಳು ಸಲ್ವಾರ್ ಬಿಟ್ಟರೆ ಏನೂ ಇರಲಿಲ್ಲ. ಕುರ್ಚಿಯ ಮೇಲೆ ಆಗಬಹುದಾದುದನ್ನೆಲ್ಲ ಯೋಚಿಸಿದ್ದ ನಾನೂ ಮಾದೇವಮ್ಮನೂ, ಈ ಊರಿನಲ್ಲಿ ಎಲ್ಲಿಗೆ ಹೋದರೂ ನಾನು ಕುರ್ಚಿ ಬಿಟ್ಟು ಏಳಬೇಕಾಗುತ್ತದೆ ಎಂಬುದನ್ನು ಯೋಚಿಸಿರಲಿಲ್ಲ.

ಅಣ್ಣ ಊಟದ ಟೇಬಲ್ಲಿನ ಬಟ್ಟೆ ಸೆಳೆದು ತಂದ. ಅದರ ಮೇಲೆ ಸಾರಿನ ಹಳದಿ ಕಲೆಯಿತ್ತು. “ಸುತ್ತಿಕೊಂಡ್ರೆ ಆಯ್ತು ಕಣೆ. ಯಾರು ನೋಡ್ತಾರೆ?” ಎಲ್ಲರೂ ನೋಡುತ್ತಿದ್ದರು. ಗಂಡಸರ ಕಣ್ಣು ಬೀಳದ ಜಾಗವನ್ನು ಮುಟ್ಟಲು, ಗೊತ್ತಿಲ್ಲದ ಗಂಡಸರ ತೋಳುಗಳಲ್ಲಿ, ಮೂಟೆಯಂತೆ, ಹಾಲ್ ತುಂಬಿದ ಗಂಡಸರ ಮುಂದೆಯೇ ಹೋಗಬೇಕಿತ್ತು. ಆಗುವುದಿಲ್ಲ ಎಂದೆ.

ಅಷ್ಟರಲ್ಲಿ ಒಪ್ಪಿಗೆ ಕೇಳುವ ಹಿರಿಯರು ನನ್ನ ಪಕ್ಕದಿಂದಲೇ ಹತ್ತಿಹೋದರು. ಮೇಲಿನಿಂದ ಒಂದು ಹೆಂಗಸಿನ ದನಿ: “ಫುಪ್ಪು ಬರ್ಲಿ ಅಂತಿದಾಳೆ!”

ಅಣ್ಣ ಮೆಟ್ಟಿಲ ಬುಡದಿಂದ ಕೂಗಿದ: “ಬರ್ತಿದಾಳೆ ಅನ್ನಿ. ಸನಾ ಹೂಂ ಅನ್ಲಿ.”

ಸ್ವಲ್ಪ ಹೊತ್ತಿಗೆ ಮೇಲೆ ಮುಬಾರಕ್ ಮುಬಾರಕ್ ಎಂಬ ಸದ್ದಾಯಿತು. ಅಲ್ಲಿ ಎಲ್ಲರೂ ಬುರ್ಖಾ ಕಳಚಿಟ್ಟು ಜರಿ, ಒಡವೆಗಳಲ್ಲಿ ಮಿಂಚುತ್ತಿದ್ದಿರಬೇಕು. ನಾನು ಕೆಳಗೆ ಕೈತೊಳೆಯುವ ನಲ್ಲಿಯ ಪಕ್ಕದಲ್ಲಿ, ತಪ್ಪೇ ಇಲ್ಲದ ಹೊಲಿಗೆಯಲ್ಲಿ, ಪಾದದವರೆಗೆ ಮುಚ್ಚಿಕೊಂಡು ಕೂತಿದ್ದೆ. ಕೈತೊಳೆಯಲು ಬಂದವರು ಮರ್ಯಾದೆಯಿಂದ ಮುಖ ತಿರುಗಿಸುತ್ತಿದ್ದರು.

ಸಂಜೆ ಸನಾ ಇಳಿದುಬಂದಳು. ಬಗ್ಗಿ ನನ್ನ ಕತ್ತನ್ನು ತಬ್ಬಿ, “ಬರ್ತಿದೀರ ಅಂದ್ರು. ಬಾಗ್ಲೇ ನೋಡ್ತಾ ಹೂಂ ಅಂದ್ಬಿಟ್ಟೆ,” ಎಂದಳು. ಆಮೇಲೆ ನನ್ನ ಬುರ್ಖಾದ ಅಂಚನ್ನು ಬೆರಳಲ್ಲಿ ಸವರಿ, “ಚೆನ್ನಾಗಿ ಹೊಲ್ದಿದಾರೆ ಫುಪ್ಪು,” ಎಂದು ಕಾರು ಹತ್ತಿದಳು.

ಮನೆಗೆ ಮರಳುವಾಗ ನಮ್ಮ ಆಟೋ, ದೊಡ್ಡ ಸೈಜ್ ಬಿಡಿಸಿ ಹಾಸಿದ್ದ ಅದೇ ಬುರ್ಖಾ ಅಂಗಡಿಯ ಮುಂದೆ ಸಿಕ್ಕಿಕೊಂಡಿತು. ಬಾಗಿಲು ಹಾಕುವ ಹೊತ್ತು. ಅಂಗಡಿಯವರು ಒಂದು ಗೊಂಬೆಯ ಸೊಂಟ ಹಿಡಿದು ಎತ್ತಿದರು, ಬುರ್ಖಾ ಹಿಂದಿನಿಂದ ಮೇಲಕ್ಕೆ ಸರಿಯಿತು. ಒಳಗೆ ಕಾಲಿರಲಿಲ್ಲ, ಒಂದು ಕಬ್ಬಿಣದ ಸರಳಷ್ಟೆ. ಗೊಂಬೆಗಳೂ ನಿಲ್ಲುವುದಿಲ್ಲ, ಅವನ್ನು ನಿಲ್ಲಿಸಿರುತ್ತಾರೆ. ಅಂಗಡಿಯವರು ಅದನ್ನು ಕೆಳಗಿಟ್ಟು, ಬೀದಿಯ ಕಡೆ ಒಮ್ಮೆ ನೋಡಿ, ಬಟ್ಟೆಯನ್ನು ಸರಳಿನ ಬುಡದವರೆಗೆ ಜಗ್ಗಿ ಸರಿಮಾಡಿ, ಮತ್ತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಒಳಗೆ ಹೋದರು. ಕಂಡದ್ದು ಅದೇ ಸಂಜೆಯೋ, ಇನ್ನೊಂದು ಸಂಜೆಯದನ್ನು ತಂದು ಇಲ್ಲಿ ಅಂಟಿಸಿದ್ದೇನೋ ಹೇಳಲಾರೆ. ಆ ಗೊಂಬೆಯ ಮೇಲೆ ನನಗೆ ಹೊಟ್ಟೆಕಿಚ್ಚಾದದ್ದು ಮಾತ್ರ ನಿಜ.