ಆಕಾಶ ಕಾಯುವ ಕೆಲಸ

ಅರವತ್ತೆರಡನೆಯ ವಯಸ್ಸಿನಲ್ಲಿ ನಾನು ಒಂದು ಸುಳ್ಳು ಹೇಳಿದೆ. ಅದಕ್ಕೆ ಈಗ ಮೂರು ವರ್ಷ. ಆ ಸುಳ್ಳಿನಿಂದ, ಕಿವಿ ಚೆನ್ನಾಗಿದ್ದ ಒಬ್ಬ ಹೆಂಗಸು ತಾನು ಕಿವುಡಿಯಾದೆನೆಂದು ನಂಬಿ, ಜೀವಕ್ಕಿಂತ ಪ್ರೀತಿಯ ಆಟವನ್ನು ಬಿಟ್ಟುಬಿಟ್ಟರು. ನಾನು ಬಾಯಿ ಮುಚ್ಚಿಕೊಂಡು ಅವರ ಮನೆಯಲ್ಲೇ ರೊಟ್ಟಿ ಬಡಿಯುತ್ತಿದ್ದೆ.

ನಾನು ಕಲ್ಲವ್ವ, ವಿಜಯಪುರದ ಕಡೆಯವಳು. ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು; ಅಕ್ಷರ ಸೊಟ್ಟ ಇದ್ದರೆ ಇರಲಿ. ಮೂವತ್ತು ವರ್ಷ ಮುಂಬೈಯಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಸಿಮೆಂಟ್ ಹೊತ್ತೆ. ಕೆಳಗೆ ನಿಂತು ಕೂಗಿದರೆ ಏಳನೇ ಮಹಡಿಯಲ್ಲಿ ಇಟ್ಟಿಗೆ ಇಡುವ ಗೌಂಡಿ ತಿರುಗಿ ನೋಡಬೇಕು, ಅಂಥ ಗಂಟಲು. ಮೊಣಕಾಲು ಹೋದ ಮೇಲೆ ಸಾಂತಾಕ್ರೂಜಿನಲ್ಲಿ ಪದ್ಮಮ್ಮನವರ ಮನೆಗೆ ಅಡುಗೆಗೆ ಸೇರಿದೆ. ಮೈಸೂರಿನವರು, ಒಂಟಿ, ಗಣಿತ ಕಲಿಸಿ ರಿಟೈರ್ ಆದವರು, ನನಗಿಂತ ಎಂಟು ವರ್ಷ ದೊಡ್ಡವರು. ಅವರಿಗೊಂದು ಹುಚ್ಚು — ರಿಮೋಟಿನ ವಿಮಾನ ಹಾರಿಸುವುದು. ಮಕ್ಕಳ ಆಟಿಕೆ ಎಂದುಕೊಳ್ಳಬೇಡಿ. ನಾನು ಎರಡೂ ಕೈ ಚಾಚಿದರೆ ಎಷ್ಟೋ ಅಷ್ಟು ಅಗಲದ ರೆಕ್ಕೆ, ಮೂಗಿನಲ್ಲಿ ಎಂಜಿನ್.

ಸಾಂತಾಕ್ರೂಜಿನಲ್ಲಿ ದೊಡ್ಡ ವಿಮಾನಗಳು ತಲೆ ಸವರಿಕೊಂಡು ಹೋಗುತ್ತವೆ. ಅಲ್ಲಿ ಇದನ್ನು ಹಾರಿಸುವಂತಿಲ್ಲ. ಕಲ್ಯಾಣದಾಚೆ, ಮುಚ್ಚಿದ ಕಾರ್ಖಾನೆಯೊಂದರ ಬಯಲಿನಲ್ಲಿ ಇಂಥ ಹುಚ್ಚರದೇ ಒಂದು ಕ್ಲಬ್ ಇತ್ತು. ಭಾನುವಾರ ಬೆಳಿಗ್ಗೆ ರೆಕ್ಕೆ ಬಿಚ್ಚಿ, ಹಳೇ ಸೀರೆಯಲ್ಲಿ ಸುತ್ತಿ, ದಾದರಿನಲ್ಲಿ ಗಾಡಿ ಬದಲಿಸಿ ಹೋಗುತ್ತಿದ್ದೆವು. ಲೇಡೀಸ್ ಡಬ್ಬಿಯಲ್ಲಿ ಮೀನಿನ ಬುಟ್ಟಿಯವಳೊಬ್ಬಳು ಮಡಿಲಲ್ಲೇನು ಎಂದು ಕೇಳಿದಳು. ವಿಮಾನ ಎಂದೆ. ಹಾಗಾದರೆ ಹಾರಿಕೊಂಡು ಹೋಗು ಮಾವಶಿ, ಲೋಕಲ್ಲಿನಲ್ಲಿ ನಮ್ಮ ಜಾಗ ಯಾಕೆ ತಿನ್ನುತ್ತೀ ಎಂದಳು. ಡಬ್ಬಿಗೆ ಡಬ್ಬಿಯೇ ನಕ್ಕಿತು.

ಮೊದಲ ದಿನವೇ ಅಮ್ಮ ನನ್ನನ್ನು ತಮ್ಮ ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿದರು.

“ನೋಡು ಕಲ್ಲವ್ವ, ನಾನು ನನ್ನ ವಿಮಾನ ಬಿಟ್ಟು ಬೇರೇನೂ ನೋಡಕ್ಕಾಗಲ್ಲ. ನೀನು ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ನೋಡ್ಬೇಕು. ಹಾರಕ್ಕೆ ಕಲಿಯೋರ ಸಣ್ಣ ವಿಮಾನ ಈ ಕಡೆ ಬರತ್ವೆ. ಒಳಗಿರೋರಿಗೆ ನಮ್ಮದು ಕಾಣೋ ಹೊತ್ತಿಗೆ ಅವರ ಗಾಜಿಗೆ ಬಡಿದಿರತ್ತೆ. ಕಂಡ ತಕ್ಷಣ ಕೂಗು. ನಾನು ಇಳಿಸ್ಬಿಡ್ತೀನಿ.”

“ಅಂದ್ರ ಆಟ ನಿಮಗ, ಕಾವಲು ನನಗ?”

“ನಿನ್ನ ಗಂಟಲಿಗೆ ಇನ್ನೇನು ಕೊಡ್ಲೇ? ಲಾಲಿ ಹಾಡೋ ಕೆಲಸವಾ?”

ಏಳು ತಿಂಗಳು ಆಕಾಶ ಕಾಯ್ದೆ. ಸುಳ್ಳೇಕೆ, ಸುಖವಾಗಿತ್ತು. ಯಾವುದು ಹದ್ದು, ಯಾವುದು ಕಾಗೆ, ಯಾವುದು ದೂರದ ದೊಡ್ಡ ವಿಮಾನ — ಎಲ್ಲ ತಿಳಿಯಿತು. ಸಣ್ಣ ವಿಮಾನದ ಸದ್ದು ಹೊಲಿಗೆ ಮಷೀನಿನಂತೆ. “ಬಂತೂ!” ಎಂದು ನಾನು ಕೂಗಿದರೆ ಬಯಲಿನಲ್ಲಿದ್ದ ಎಲ್ಲರ ವಿಮಾನಗಳೂ ಇಳಿಯುತ್ತಿದ್ದವು. ಜೀವಮಾನವೆಲ್ಲ ಕೂಲಿ ಮಾಡಿಸುವ ಮುಕಾದಮನ ಕೂಗಿಗೆ ಓಡಿದವಳು ನಾನು. ನನ್ನ ಕೂಗಿಗೆ ಏನಾದರೂ ಇಳಿದಿದ್ದು ಅಲ್ಲಿ ಮಾತ್ರ.

ಆ ಭಾನುವಾರ ಮೋಡ ಕೆಳಗಿತ್ತು. ಅಮ್ಮ ಅಂದು ಮೊದಲ ಸಲ ವಿಮಾನವನ್ನು ತಲೆಕೆಳಗು ಮಾಡಿ ಬಯಲಿನುದ್ದಕ್ಕೂ ಓಡಿಸುವವರಿದ್ದರು. ವಾರವೆಲ್ಲ ಅದೇ ಮಾತು. ನನ್ನ ಬೆನ್ನ ಹಿಂದೆ ಜನ ಚಪ್ಪಾಳೆ ಹೊಡೆದರು, ಯಾರೋ ಸೀಟಿ ಹಾಕಿದರು. ನಾನು ತಿರುಗಿದೆ — ಒಮ್ಮೆ ನೋಡಿ ಮುಖ ತಿರುಗಿಸೋಣವೆಂದು — ಒಮ್ಮೆಗೆ ಮುಗಿಯಲಿಲ್ಲ. ಕೆಂಪು ಹೊಟ್ಟೆ ಮೇಲೆ ಮಾಡಿಕೊಂಡು ಅದು ಎಷ್ಟು ಸಲೀಸಾಗಿ ಹೋಗುತ್ತಿತ್ತೆಂದರೆ...

ಹೊಲಿಗೆ ಮಷೀನಿನ ಸದ್ದು ನನಗೆ ಕೇಳಿದಾಗ ಸಣ್ಣ ವಿಮಾನ ಬಯಲಿನ ಮೇಲೇ ಇತ್ತು. ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತಾವೇ ಕಂಡು, ತಮ್ಮ ವಿಮಾನವನ್ನು ನೇರ ನೆಲಕ್ಕೆ ಅಪ್ಪಳಿಸಿದರು. ಆ ಸಣ್ಣದು ರೆಕ್ಕೆ ಓರೆ ಮಾಡಿ ಪಾರಾಯಿತು. ಒಳಗೆ ಎರಡು ತಲೆ ಕಂಡವು. ಅಷ್ಟು ಹತ್ತಿರ.

ಕ್ಲಬ್ಬಿನ ಹಿರಿಯ ದೇಸಾಯರು, ಧಾರವಾಡದವರು, ಓಡಿ ಬಂದರು.

“ಒದರಲಿಲ್ಲೇನು?”

“ಒದರಿದ್ನಿರೀ. ಅಮ್ಮಾರಿಗೆ ಕೇಳಸಲಿಲ್ಲ.”

ಇದೇ ಆ ಸುಳ್ಳು. ಚಪ್ಪಾಳೆ, ಎಂಜಿನ್‌ಗಳ ಗದ್ದಲದಲ್ಲಿ ಯಾರಿಗೆ ಗೊತ್ತು? ದೂರದವರಿಗೆ ಕೇಳದಿದ್ದರೂ ಬೆನ್ನಿಗೇ ಇದ್ದ ಅಮ್ಮನಿಗೆ ಕೇಳಬೇಕಿತ್ತೆಂದು ಎಲ್ಲರೂ ನಂಬಿದರು. ಅಮ್ಮ ಕೈಯನ್ನು ಕಿವಿಗೆ ಒಯ್ದರು.

“ನಿನ್ನ ಗಂಟಲೇ ಕೇಳಿಸ್ಲಿಲ್ಲ ಅಂದ್ರೆ...” ಅಷ್ಟೇ ಹೇಳಿ ರಿಮೋಟನ್ನು ದೇಸಾಯರ ಕೈಗಿಟ್ಟರು. “ಎರಡು ಜೀವ ಇತ್ತು ಅಲ್ಲಿ. ಇನ್ನು ನಾನು ಮುಟ್ಟಲ್ಲ.”

ಯಾಕೆ ಹೇಳಿದೆ? ಕೆಲಸ ಹೋದೀತೆಂದಲ್ಲ, ಭಾನುವಾರ ಹೋದೀತೆಂದು. ಹೋಯಿತು, ಇಬ್ಬರದೂ.

ಕಿವುಡಿ ಎಂದು ನಂಬಿದವರು ಕಿವುಡಿಯಂತೆಯೇ ಬದುಕುತ್ತಾರೆ. ಎಲ್ಲದಕ್ಕೂ “ಹಾಂ?” ಎರಡು ಸಲ. ಟೀವಿಯ ಅರಚಾಟಕ್ಕೆ ಪಕ್ಕದ ಮನೆಯವರ ಜಗಳ. ಆದರೆ ನಾನು ಅಡುಗೆಮನೆಯಲ್ಲಿ ಉಪ್ಪು ಮುಗಿಯಿತೆಂದು ಗೊಣಗಿದರೆ ಹಾಲಿನಿಂದ, “ಡಬ್ಬಿ ಹಿಂದೆ ಇದೆಯಲ್ಲೇ!” ಆದರೂ ಅವರಿಗೆ ಅನುಮಾನವೇ ಇಲ್ಲ. ಡಾಕ್ಟರಿಗೆ ತೋರಿಸಿ ಎಂದರೆ ಎಪ್ಪತ್ತು ದಾಟಿದ ಕಿವಿಗೆ ಅವನೇನು ಹೊಸದು ಹೇಳುತ್ತಾನೆ ಎನ್ನುವರು.

ಹೋದ ಶನಿವಾರ ಮಧ್ಯಾಹ್ನ, ಉಳಿದ ಎರಡು ವಿಮಾನಗಳನ್ನು ಕಪಾಟಿನ ಮೇಲಿನಿಂದ ಇಳಿಸಿ, ಯಾರಿಗಾದರೂ ಕೊಟ್ಟುಬಿಡುತ್ತೇನೆಂದು ಧೂಳು ಒರೆಸುತ್ತ ಕೂತರು. ಒರೆಸುವ ಕೈ ಮೆತ್ತಗಿತ್ತು. ನಾನು ಒಲೆ ಆರಿಸಿ ಬಂದೆ.

“ನಾ ಅವತ್ತು ಒದರಿರಲಿಲ್ರೀ ಅಮ್ಮಾರ.”

“ಹಾಂ?”

“ಕೇಳೈತಿ ನಿಮಗ. ನಿಮ್ಮ ಕಿವಿ ನೆಟ್ಟಗ ಅದಾವ. ನಾ ಆಕಾಶ ಬಿಟ್ಟು ನಿಮ್ಮ ವಿಮಾನ ನೋಡಕೋತ ನಿಂತಿದ್ದೆ.”

ಒರೆಸುತ್ತಿದ್ದ ವಿಮಾನವನ್ನು ನೆಲಕ್ಕಿಟ್ಟರು. ಆಮೇಲೆ, “ತಲೆಕೆಳಗಾಗಿ ಹೋಗ್ತಿದ್ದಾಗಲಾ?”

“ಹೂಂರಿ.”

“ಮೂಗು ಜಗ್ಗಿತಾ? ನೆಟ್ಟಗೆ ಹೋಯ್ತಾ?”

“ಗೆರಿ ಕೊರದಂಗ ಹೋತ್ರೀ.”

ಮುಖ ಅರಳಿತು — ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಒರೆಸುವ ಬಟ್ಟೆ ನನ್ನ ಮುಖಕ್ಕೆ ಬಂತು.

“ಕತ್ತೆ! ಮೂರು ವರ್ಷ! ಅಕ್ಕಪಕ್ಕದೋರ ಹತ್ರ ಬೈಸ್ಕೊಂಡು ಆ ಟೀವಿ ಕಿರುಚಿಸ್ಕೊಂಡು ಕೂತಿದ್ನಲ್ಲೇ!” ಬೈಯುತ್ತ ಬೈಯುತ್ತ ಅವರಿಗೇ ನಗು ಬಂತು, ತಡೆಯಲಾಗದಂಥ ನಗು. ನಾನೂ ನಕ್ಕೆ, ನಗಬಾರದಿತ್ತು. “ನೀನು ನಗ್ಬೇಡ. ಮನೆಗೆ ಹೋಗು,” ಎಂದರು. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ. ಚಪ್ಪಲಿ ಮೆಟ್ಟುವಾಗ ನೋಡಿದರೆ, ವಿಮಾನಕ್ಕೆ ರೆಕ್ಕೆ ಜೋಡಿಸುತ್ತಿದ್ದರು.

ಮರುದಿನ ಬೆಳಿಗ್ಗೆ ನಾನೊಬ್ಬಳೇ ಕಲ್ಯಾಣದಾಚೆಯ ಆ ಬಯಲಿಗೆ ಹೋದೆ. ದೇಸಾಯರು ಮತ್ತು ಉಳಿದವರೆಲ್ಲ ಇದ್ದರು. ಪದ್ಮಮ್ಮನವರ ಕಿವಿ ಚೆನ್ನಾಗಿದೆ, ನಾನೇ ಕೂಗಿರಲಿಲ್ಲ, ಸುಳ್ಳು ಹೇಳಿದೆ ಎಂದೆ.

ದೇಸಾಯರು ನನ್ನನ್ನೇ ನೋಡಿದರು. “ಇನ್ನ ನಿಮ್ಮನ್ನ ಇಲ್ಲಿ ನಿಂದರಸಾಕ ಆಗೂದಿಲ್ಲ, ಕಲ್ಲವ್ವ.”

“ನಿಂದರಸಬ್ಯಾಡ್ರಿ. ಅಮ್ಮಾರಿಗೆ ಹಾರಸಾಕ ಬಿಡ್ರಿ. ಅವರ ಬೆನ್ನಿಗೆ ನನಗಿಂತ ಛಲೋ ಯಾರನ್ನರೆ ಹಚ್ಚರಿ.”

ಆಗಲಿ ಎಂದರು. ಆದರೆ ನಾನು ಕನ್ನಡದಲ್ಲಿ ಹೇಳಿದ್ದು ದೇಸಾಯರೊಬ್ಬರಿಗೇ ತಿಳಿದದ್ದು. ಅದಕ್ಕೆ ಉಳಿದವರ ಕಡೆ ತಿರುಗಿ, ಅದನ್ನೇ ಹಿಂದಿಯಲ್ಲೊಮ್ಮೆ, ಮರಾಠಿಯಲ್ಲೊಮ್ಮೆ ಹೇಳಿದೆ.