ಇಬ್ಬರಿಗಾಗುವಷ್ಟು ಅಗಲ

ಯಾವ ವಸ್ತು ಕಂಡರೂ ಮೊಳ ಹಾಕಿ ಅಳೆದು ನೋಡುವ ಚಾಳಿ ನನಗೆ. ನೇಕಾರರ ಮನೆಯಲ್ಲಿ ಹುಟ್ಟಿದವನಿಗೆ ಅದು ಸುಲಭಕ್ಕೆ ಬಿಡುವುದಿಲ್ಲ. ಹೋದ ತಿಂಗಳು ಕೊಳ್ಳೇಗಾಲದ ನಮ್ಮ ಮನೆಗೆ ಅಗಲ ಪರದೆಯ ಮಾನಿಟರ್ ಬಂದಾಗಲೂ ಡಬ್ಬದ ಮೇಲಿನ ಇಂಚುಗಳನ್ನು ನಂಬದೆ ಮೊಣಕೈ ಊರಿ ಅಳೆದೆ. ಎರಡು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಇಷ್ಟು ಅಗಲವಿದೆ ಎಂದರೆ ಇಬ್ಬರು ಕೂತು ನೋಡಲೆಂದೇ ಮಾಡಿದ್ದು ಎಂದುಕೊಂಡೆ. ನನ್ನ ಎಡವಟ್ಟೆಲ್ಲ ಶುರುವಾದದ್ದು ಅಲ್ಲಿಂದ.

ನಮ್ಮ ಕಸುಬಿನಲ್ಲಿ ಅಗಲ ಎಂದರೆ ಇಬ್ಬರು ಎಂದೇ ಲೆಕ್ಕ. ಮೈಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ರೇಷ್ಮೆ ಸೀರೆ ಕೈಮಗ್ಗದಲ್ಲಿ ಒಬ್ಬನಿಂದ ಆಗುವಂಥದ್ದಲ್ಲ. ಬಲಗಡೆಯ ಅಂಚಿನ ನೂಲಿನ ಲಾಳಿ ಎಸೆಯಲು, ನೇಯುವವನು ಕೂತ ಹಲಗೆಯ ಆ ತುದಿಯಲ್ಲಿ ಇನ್ನೊಬ್ಬರು ಕೂರಬೇಕು. ನಮ್ಮಲ್ಲಿ ಆ ತುದಿ ನನ್ನ ಹೆಂಡತಿ ರತ್ನಳದು. ಯಳಂದೂರಿನಿಂದ ಮದುವೆಯಾಗಿ ಬಂದವಳು ಈ ಮನೆಯಲ್ಲಿ ನೆಲೆಯಾಗಿ ಕೂತದ್ದೇ ಅಲ್ಲಿ. ನನ್ನ ಮಂಡಿ ಕೈಕೊಟ್ಟು, ಮಗ್ಗ ಬಿಚ್ಚಿ, ಲ್ಯಾಪ್‌ಟಾಪಿನಲ್ಲಿ ಸೀರೆಗಳ ಡಿಸೈನ್ ಬರೆಯತೊಡಗಿದಾಗ ಆ ಹಲಗೆಯನ್ನೇ ಮೇಜಿನ ಮುಂದೆ ಬೆಂಚು ಮಾಡಿದೆ. ನಾನು ಎಡಕ್ಕೆ, ಅವಳು ಬಲಕ್ಕೆ. ಹೂ ಬಳ್ಳಿ ನಾನು ಬರೆದರೆ ಬಣ್ಣ ಹೇಳುವವಳು ಅವಳು. ಲ್ಯಾಪ್‌ಟಾಪಿನ ಪುಟ್ಟ ಪರದೆ ಕಂಡರೆ ಮಾತ್ರ ಅವಳಿಗೆ ಆಗುತ್ತಿರಲಿಲ್ಲ.

“ಈ ಅಂಚು ಕಂಡ್ರೆ ಆ ಅಂಚು ಕಾಣಲ್ವಲ್ರೀ. ಬಾಗ್ಲು ಸಂದಿಲಿ ಮದ್ವೆ ನೋಡ್ದಂಗಾಯ್ತದೆ. ಅಗಲ್ವಾದ್ದು ಒಂದ್ ತಕಳಿ.”

ಅಗಲವಾದದ್ದು ಬರುವ ಹೊತ್ತಿಗೆ ಅವಳಿರಲಿಲ್ಲ. ಹೋದ ಮಳೆಗಾಲದಲ್ಲಿ ಜ್ವರವೆಂದು ಮಲಗಿದವಳು ಏಳಲಿಲ್ಲ.

ಅಗಲದ ಆಸೆ ಹೊಸದೇನಲ್ಲ ಬಿಡಿ. ಹಿರಿಯರು ಬರೆಯುತ್ತಿದ್ದ ತಾಳೆಗರಿ ನೋಡಿ: ಉದ್ದ ಮೊಳದಷ್ಟು, ಎತ್ತರ ಎರಡು ಬೆರಳು. ದೇವರು ಕಣ್ಣುಗಳನ್ನೂ ಅಕ್ಕಪಕ್ಕ ಇಟ್ಟಿದ್ದಾನೆಯೇ ಹೊರತು ಒಂದರ ಮೇಲೊಂದು ಇಟ್ಟಿಲ್ಲ. ಹೀಗೆ ನನ್ನಷ್ಟಕ್ಕೆ ಪಾಂಡಿತ್ಯ ಮೆರೆಯುತ್ತ, ಟಿವಿಯ ಡಬ್ಬಕ್ಕಿದ್ದ ಹಳೆಯ ಎಚ್‌ಡಿಎಂಐ ಕೇಬಲ್ ಕಿತ್ತು ಲ್ಯಾಪ್‌ಟಾಪಿಗೂ ಮಾನಿಟರಿಗೂ ಚುಚ್ಚಿದೆ. ಚಿತ್ರವೇನೋ ಬಂತು. ಆದರೆ ಹನೂರಿನ ಮದುವೆಗೆಂದು ಬರೆಯುತ್ತಿದ್ದ ಸೀರೆಯ ಹಂಸಗಳೆಲ್ಲ ಉಂಡು ಮಲಗಿದ ಬಾತುಕೋಳಿಗಳಾಗಿದ್ದವು. ಕನ್ನಡಕ ಒರೆಸಿದೆ, ಪರದೆ ಒರೆಸಿದೆ, ಕೊನೆಗೆ ಕಣ್ಣನ್ನೂ ಒರೆಸಿಕೊಂಡೆ. ರತ್ನ ಇದ್ದಿದ್ದರೆ ‘ಗೊತ್ತಿಲ್ದಿದ್ರೆ ಕೇಳಕ್ಕೇನ್ ನಾಚ್ಕೆ’ ಎಂದು ಗದರುತ್ತಿದ್ದಳು. ಅದನ್ನೂ ನಾನೇ ಹೇಳಿಕೊಂಡು ನಾಗೇಶನಿಗೆ ಫೋನ್ ಮಾಡಿದೆ.

ನಾಗೇಶ ಮುಳ್ಳೂರಿನವನು, ಪೇಟೆಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನೆ. “ಈ ಹಳೇ ಕೇಬಲ್ ಇಷ್ಟೊಂದ್ ಅಗಲ ಹೊರಲ್ಲ ಕಣ್ಸಾ” ಎಂದು ಬೇರೊಂದನ್ನು ತೆಗೆದು, ಲ್ಯಾಪ್‌ಟಾಪಿನ ಪಕ್ಕದ ಪುಟ್ಟ ಟೈಪ್-ಸಿ ತೂತಿಗೆ ಚುಚ್ಚಿದ. ಸೆಟ್ಟಿಂಗ್ಸಿನಲ್ಲಿ ರೆಸಲ್ಯೂಷನ್ ಏರಿಸಿದ. ಪರದೆ ಒಮ್ಮೆ ಕಪ್ಪಾಗಿ ಮತ್ತೆ ಬೆಳಗಿತು. ಹಂಸಗಳು ಕತ್ತೆತ್ತಿದವು. ಈ ಅಂಚು, ಆ ಅಂಚು, ನಡುವೆ ಸೀರೆಯ ಮೈ, ಎಲ್ಲ ಒಟ್ಟಿಗೇ ಕಂಡವು. ನಾನು ಬಲಕ್ಕೆ ತಿರುಗಿ “ನೋಡು” ಎಂದೆ.

ನಾಗೇಶ ನಿಂತಿದ್ದದ್ದು ಎಡಕ್ಕೆ. ಕೇಳಿಸಿತೋ ಇಲ್ಲವೋ, ಹಳೆಯ ಕೇಬಲ್ ಸುತ್ತುತ್ತ ಅವನು ಹೇಳಿದ:

“ತುದಿಲಿ ಯಾಕ್ಸಾ ಕೂತಿದ್ದೀರಿ? ಕತ್ತು ಇಡ್ಕತದೆ. ಇದು ಬಾಗಿರೋ ಪರದೆ, ನಡೂಕೆ ಕೂತ್ಕಂಡ್ರೇ ಸರ್ಯಾಗಿ ಕಾಣದು.”

“ಇಬ್ರಿಗಲ್ವೇನಪ್ಪ ಇದು?”

“ಇಲ್ಲ ಸಾ, ಒಬ್ರಿಗೇಯ ಮಾಡಿರದು.”

ಇಷ್ಟು ಅಗಲವನ್ನು ಒಬ್ಬನಿಗೆಂದು ಮಾಡುವ ಜನದ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು. ಹಟ ಹಿಡಿದು ಎಡತುದಿಯಲ್ಲೇ ಕೂತೆ. ಅವನು ಹೇಳಿದಂತೆಯೇ ಕತ್ತು ಹಿಡಿದುಕೊಂಡಿತು. ಹನೂರಿನವರಿಗೆ ಬೇಕಾದದ್ದು ಗಂಗಾ-ಜಮುನಾ ಸೀರೆ, ಒಂದೊಂದು ಕಡೆಗೂ ಬೇರೆ ಬೇರೆ ಬಣ್ಣದ ಅಂಚು. ಎಡದ ಅಂಚು ಮುಗಿಯಿತು. ಬಲದ್ದು ಅಲ್ಲಿಂದ ಮಾಸಲಾಗಿ ಕಾಣುತ್ತಿತ್ತು, ಖಾಲಿ ಬಿಟ್ಟೆ. ನಡುವಿಗೆ ಸರಿದರೆ ಅವಳ ಜಾಗವನ್ನು ಕಿತ್ತುಕೊಂಡ ಹಾಗೆ, ಅವಳಿನ್ನು ಬರುವುದಿಲ್ಲ ಎಂದು ಒಪ್ಪಿದ ಹಾಗೆ. ಅದು ನನ್ನಿಂದ ಆಗುತ್ತಿರಲಿಲ್ಲ.

ನಿನ್ನೆ ಬೆಳಿಗ್ಗೆ ಹನೂರಿನವರ ಫೋನ್ ಬಂತು. “ಏನಣ್ಣ, ಆ ಕಡೆ ಅಂಚ್ಗೆ ಯಾವ ಬಣ್ಣ ಮಾಡುದ್ರಿ?” “ಸಂಜೆಗೆ ಹೇಳ್ತೀನಿ” ಎಂದೆ. ಫೋನ್ ಇಟ್ಟು, ಕಾಫಿ ಕುಡಿದು, ನಡುವಿಗೆ ಸರಿದು ಕೂತೆ.

ಚುಚ್ಚಿತು. ಎದ್ದು ಬಗ್ಗಿ ನೋಡಿದೆ. ಹಲಗೆಯ ಎರಡು ತುದಿಗಳೂ ನಾವು ಕೂತು ಕೂತು ಸವೆದು, ತಗ್ಗಾಗಿ, ನುಣ್ಣಗಾಗಿವೆ. ನಡುವಿನ ಮರ ಮಾತ್ರ ಬಡಗಿ ಕೊಟ್ಟಾಗ ಹೇಗಿತ್ತೋ ಹಾಗೇ ಒರಟಾಗಿದೆ. ಅಷ್ಟು ವರ್ಷದಲ್ಲಿ ಅಲ್ಲಿ ಯಾರೂ ಕೂತೇ ಇಲ್ಲ. ಅದು ಅವಳ ಜಾಗವಾಗಿರಲಿಲ್ಲ, ನನ್ನದೂ ಅಲ್ಲ. ಹಾಗಾದರೆ ಯಾರದನ್ನೂ ಕಿತ್ತುಕೊಂಡಂತಾಗಲಿಲ್ಲ ಎಂದು ಮತ್ತೆ ಅಲ್ಲೇ ಕೂತು, ಬಲದ ಅಂಚಿಗೆ ಅವಳ ಇಷ್ಟದ ಅರಿಶಿನ ಹಚ್ಚಿದೆ. ಸೀರೆ ಚೆನ್ನಾಗಿ ಕಾಣುತ್ತಿದೆ. ಹಲಗೆ ಇನ್ನೂ ಚುಚ್ಚುತ್ತದೆ. ಮೇಲೊಂದು ದಿಂಬು ಹಾಕಿಕೋ ಎನ್ನುತ್ತೀರೇನೋ. ಬೇಡ, ಕೂತು ಕೂತು ತಾನೇ ಸವೆಯಲಿ.